ಕಾಲಿಡದ ಜಿಲ್ಲೆಯಲ್ಲಿ ದಾರಿ ತಪ್ಪಿದ್ದು

ಇಂಗ್ಲೆಂಡಿನಲ್ಲಿ ಸರ್ರಿ ಅಂತ ಒಂದು ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನಾನು ಇವತ್ತಿನವರೆಗೂ ಅಲ್ಲಿ ಕಾಲಿಟ್ಟಿಲ್ಲ. ಆದರೆ ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ನನ್ನ ಮಾನ ಹೋದಾಗಲೆಲ್ಲ ಜಾಗದ ಹೆಸರು ಮಾತ್ರ ಅದೇ ಜಿಲ್ಲೆಯದು. ಇನ್ನೂ ಹೋಗುತ್ತಲೇ ಇದೆ.

ಇದಕ್ಕೆ ಕಾರಣ ನಾನಲ್ಲ. ಇಲ್ಲಿಗೆ ಮೊದಲು ಬಂದ ಇಂಗ್ಲಿಷರು ಪೆಟ್ಟಿಗೆಯಲ್ಲಿ ಬಟ್ಟೆಬರೆಯ ಜೊತೆ ಊರಿನ ಹೆಸರುಗಳನ್ನೂ ತುಂಬಿಕೊಂಡು ಬಂದರು. ಸಿಡ್ನಿಯಲ್ಲಿ ಇಳಿದವರು ಒಂದು ಜಾಗಕ್ಕೆ ರಿಚ್ಮಂಡ್ ಅಂದರು. ಮೆಲ್ಬರ್ನ್‌ನಲ್ಲಿ ಇಳಿದವರೂ ಒಂದು ಜಾಗಕ್ಕೆ ರಿಚ್ಮಂಡ್ ಅಂದರು. ಕ್ರಾಯ್ಡನ್ ಎರಡೂ ಕಡೆ, ಬಾಕ್ಸ್ ಹಿಲ್ ಎರಡೂ ಕಡೆ, ಸರ್ರಿ ಹಿಲ್ಸ್ ಕೂಡ ಎರಡೂ ಕಡೆ. ಎಲ್ಲವೂ ಸರ್ರಿಯಿಂದ ಹೊತ್ತು ತಂದ ಹೆಸರುಗಳೇ. ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಇಲ್ಲೇ ಇದ್ದ ಮೂಲನಿವಾಸಿಗಳನ್ನಂತೂ ಕೇಳಲೇ ಇಲ್ಲ.

ನಾನು ಚಿತ್ರದುರ್ಗದ ಪಿಯು ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಭೂಗೋಳ ಪಾಠ ಮಾಡಿದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಹೋದರೆ ನಿಮಗೆ ನಂಬಿಕೆ ಬರುವುದು ಕಷ್ಟ.

ಮೊದಲನೇ ಇಂಟರ್ವ್ಯೂ

ಹೆಂಡತಿಗೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಐಟಿ ಕೆಲಸ ಸಿಕ್ಕಿತು. ಅವಳ ವೀಸಾದ ಬಾಲ ಹಿಡಿದು ನಾನೂ ಬಂದೆ. ಏಳು ತಿಂಗಳು ಮನೆಯಲ್ಲೇ ಕೂತೆ. ಮಗಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು, ನಡುವೆ ಕಂಡ ಕಂಡ ಕಂಪನಿಗೆ ಅರ್ಜಿ ಹಾಕುವುದು. ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಅವಳು ಏನೂ ಅನ್ನದೇ ಇದ್ದದ್ದೇ ನನಗೆ ಭಯ ಹುಟ್ಟಿಸುತ್ತಿತ್ತು.

ಕೊನೆಗೂ ಒಂದು ಕಂಪನಿಯಿಂದ ಇಮೇಲ್ ಬಂತು. ಗ್ರಾಹಕರ ವಿಳಾಸಗಳ ಪಟ್ಟಿಯಲ್ಲಿ ತಪ್ಪು ಹುಡುಕಿ ತಿದ್ದುವ ಕೆಲಸ. ಬೆಳಿಗ್ಗೆ ಹತ್ತಕ್ಕೆ ರಿಚ್ಮಂಡಿಗೆ ಬನ್ನಿ ಅಂತಿತ್ತು. ವಿಳಾಸದ ಕೊನೆಯಲ್ಲಿ ವಿ, ಐ, ಸಿ ಅಂತ ಮೂರು ಅಕ್ಷರ. ಯಾರನ್ನು ಕಾಣಬೇಕು ಅನ್ನುವುದನ್ನೂ ಬರೆದಿದ್ದಾರೆ, ಮ್ಯಾನೇಜರ್ ಹೆಸರು ವಿಕ್ ಇರಬೇಕು ಅಂದುಕೊಂಡೆ.

ಮದುವೆಯ ಸೂಟು ಹಾಕಿಕೊಂಡು ಬೆಳಿಗ್ಗೆ ಆರೂವರೆಗೇ ಹೊರಟೆ. ಸಿಡ್ನಿಯ ರಿಚ್ಮಂಡ್ ಅನ್ನುವುದು ರೈಲು ಮುಗಿಯುವ ಕಡೆ ಇರುವ ಊರು. ದಾರಿಯುದ್ದಕ್ಕೂ ಹುಲ್ಲು, ಕುದುರೆ, ಮತ್ತೆ ಹುಲ್ಲು. ಐಟಿ ಕಂಪನಿಯವರು ಒಳ್ಳೆ ಗಾಳಿ ಇರೋ ಕಡೆ ಆಫೀಸು ಮಾಡಿದ್ದಾರೆ ಅಂತ ಮೆಚ್ಚಿಕೊಂಡೆ. ಇಮೇಲಿನಲ್ಲಿದ್ದ ರಸ್ತೆ ಸಿಕ್ಕಿತು. ನಂಬರೂ ಸಿಕ್ಕಿತು. ಬೋರ್ಡಿನಲ್ಲಿ ನಾಯಿಯ ಚಿತ್ರ ಇತ್ತು. ಈ ದೇಶದಲ್ಲಿ ಆಫೀಸಿಗೆ ನಾಯಿ ತರುತ್ತಾರೆ ಅಂತ ಹೆಂಡತಿ ಹೇಳಿದ್ದು ನೆನಪಿತ್ತು. ಒಳಗೆ ಇಬ್ಬರು ಹೆಂಗಸರು ತಲಾ ಒಂದು ನಾಯಿ ಹಿಡಿದು ಕೂತಿದ್ದರು. ನನ್ನ ಹಾಗೇ ಇಂಟರ್ವ್ಯೂಗೆ ಬಂದವರು ಅಂದುಕೊಂಡೆ. ನಾನು ಏನನ್ನೂ ತಂದಿರಲಿಲ್ಲವಲ್ಲ ಅಂತ ಸ್ವಲ್ಪ ಅಳುಕಾಯಿತು.

ಕೌಂಟರಿನಲ್ಲಿದ್ದ ಹುಡುಗಿಗೆ, ವಿಕ್ ಅವರನ್ನು ಕಾಣಬೇಕಿತ್ತು, ಹತ್ತು ಗಂಟೆಗೆ ಅಂದೆ. ಅವಳು ಪುಸ್ತಕ ನೋಡಿ, ಹೌದು, ವಿಕ್ ಹತ್ತಕ್ಕೇ ಇದ್ದಾನೆ, ಈಗ ಸ್ನಾನ ಮಾಡ್ತಿದ್ದಾನೆ, ಇಪ್ಪತ್ತು ನಿಮಿಷ ಕೂತಿರಿ ಅಂದಳು.

ಮ್ಯಾನೇಜರೊಬ್ಬ ಆಫೀಸಿನಲ್ಲಿ ಸ್ನಾನ ಮುಗಿಸಿ ಇಂಟರ್ವ್ಯೂ ಮಾಡುತ್ತಾನೆ ಅಂದರೆ ಸಂಸ್ಕಾರವಂತನೇ ಇರಬೇಕು. ಆ ಇಪ್ಪತ್ತು ನಿಮಿಷ ಉತ್ತರಗಳನ್ನು ಮನಸ್ಸಿನಲ್ಲೇ ಉರು ಹೊಡೆದೆ. ಆಮೇಲೆ ಬಾಗಿಲು ತೆಗೆಯಿತು. ಹುಡುಗಿ ಬಿಳಿ ಗುಂಗುರು ಕೂದಲಿನ ನಾಯಿಯೊಂದನ್ನು ಕರೆತಂದು, ಚೈನನ್ನು ನನ್ನ ಕೈಗೆ ಕೊಟ್ಟಳು. ನಾಯಿಗೆ ಸ್ನಾನ ಮಾಡಿಸುವ ಆ ಅಂಗಡಿಯವರು ವಿಕ್ ತಲೆಗೆ ನೀಲಿ ರಿಬ್ಬನ್ ಕಟ್ಟಿದ್ದರು.

ಅಷ್ಟರಲ್ಲಿ ಫೋನ್ ಬಂತು. ಮೆಲ್ಬರ್ನ್‌ನಿಂದ. ಇನ್ನೂ ಯಾಕೆ ಬಂದಿಲ್ಲ ಅಂತ ಒಬ್ಬ ಹೆಂಗಸು ಕೇಳಿದರು. ವಿಐಸಿ ಅಂದರೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ. ಅದರ ಮಳೆ, ಬೆಳೆ, ಕುರಿ, ಉಣ್ಣೆ ಎಲ್ಲವನ್ನೂ ಹನ್ನೊಂದು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ನಾಯಿಯ ಚೈನು ಹಿಡಿದುಕೊಂಡೇ ನಡೆದದ್ದನ್ನೆಲ್ಲ ಹೇಳಿದೆ. ಆಯಿತು, ತಿಳಿಸುತ್ತೇವೆ ಅಂತ ಫೋನ್ ಇಟ್ಟರು. ಕೆಲಸ ಹೋಯಿತು, ಸಂಜೆ ಹೆಂಡತಿಗೆ ಏನು ಹೇಳಲಿ ಅಂದುಕೊಳ್ಳುತ್ತಾ ಚೈನನ್ನು ಹುಡುಗಿಗೆ ವಾಪಸ್ ಕೊಟ್ಟೆ.

ಒಂದು ವಾರದ ಮೇಲೆ ಅವರೇ ಕರೆದು ಕೆಲಸ ಕೊಟ್ಟರು. ಸಿಡ್ನಿಯಲ್ಲಿದ್ದುಕೊಂಡೇ ಮಾಡಬಹುದು ಅಂದರು. ಕಾರಣವನ್ನೂ ಹೇಳಿದರು. "ಜನ ಈ ತಪ್ಪನ್ನು ಹೇಗೆ ಮಾಡ್ತಾರೆ ಅಂತ ನಮಗೆ ಇಷ್ಟು ವರ್ಷ ಅರ್ಥವಾಗಿರಲಿಲ್ಲ. ನಿಮ್ಮಂಥವರೇ ಬೇಕಾಗಿತ್ತು."

ಬೆಟ್ಟ ಎತ್ತಿದ್ದು

ಕೆಲಸಕ್ಕೆ ಸೇರಿದ ಎರಡನೇ ವಾರ. ಪಟ್ಟಿ ನೋಡುತ್ತಾ ನೋಡುತ್ತಾ ಒಂದು ದೊಡ್ಡ ತಪ್ಪು ಕಣ್ಣಿಗೆ ಬಿತ್ತು. ಸರ್ರಿ ಹಿಲ್ಸ್ ಅನ್ನುವ ಹೆಸರನ್ನು ಎಷ್ಟೋ ಜನ ಒಂದು ಇಂಗ್ಲಿಷ್ ಅಕ್ಷರ ಬಿಟ್ಟು ಬರೆದಿದ್ದರು. ಇಂಗ್ಲೆಂಡಿನ ಸರ್ರಿಯ ಸ್ಪೆಲ್ಲಿಂಗಿನಲ್ಲಿ 'ವೈ' ಅಕ್ಷರದ ಹಿಂದೆ 'ಇ' ಇದೆ. ಅದು ನನಗೆ ಗೊತ್ತು, ಪಾಠ ಮಾಡಿದ್ದೇನೆ. ಈ ದೇಶದವರಿಗೆ ಅವರ ಅಜ್ಜಂದಿರ ಜಿಲ್ಲೆಯ ಹೆಸರನ್ನೇ ಬರೆಯಲು ಬರುವುದಿಲ್ಲವಲ್ಲ ಅಂತ ಮರುಕಪಟ್ಟು, ಒಂದೇ ಬಟನ್ನಿನಲ್ಲಿ ಎಲ್ಲರಿಗೂ 'ಇ' ಸೇರಿಸಿಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಮೆಲ್ಬರ್ನ್‌ನಿಂದ ಬಾಸಿನ ಫೋನು. ಇಂಟರ್ವ್ಯೂ ದಿನ ಮಾತಾಡಿದ್ದ ಅದೇ ಹೆಂಗಸು. ಸರ್ರಿ ಹಿಲ್ಸ್ ಎರಡಿವೆಯಂತೆ. 'ಇ' ಇರುವುದು ಮೆಲ್ಬರ್ನ್‌ನದು, 'ಇ' ಇಲ್ಲದ್ದು ಸಿಡ್ನಿಯದು. ಅಲ್ಲಿಗೆ ಸಿಡ್ನಿಯ ಒಂದು ಇಡೀ ಸಬರ್ಬನ್ನು, ಅದರ ಗಂಡಸರು, ಹೆಂಗಸರು, ಅವರು ಆರ್ಡರ್ ಮಾಡಿದ ಸೋಫಾ, ಸೈಕಲ್ಲು ಸಮೇತ ಎತ್ತಿ, ಒಂಬೈನೂರು ಕಿಲೋಮೀಟರ್ ಆಚೆ ಇಟ್ಟಿದ್ದೆ. ಸಂಜೆಯವರೆಗೆ ಕೂತು ಎಲ್ಲರನ್ನೂ ವಾಪಸ್ ತಂದೆ.

ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೈಮುಗಿದಳು. "ಆ ಹನುಮಪ್ಪ ಒಂದೇ ಬೆಟ್ಟ ಎತ್ತಿದ್ದು. ನೀವು ಹಿಲ್ಸ್. ಬಹುವಚನ."

ಸುಣ್ಣದ ಗುಡ್ಡ

ಆಮೇಲೆ ಇಲ್ಲೇ ಕಾಯಂ ಇರಲು ಪಿಆರ್ ಬಂತು, ಹೆಂಡತಿ ಕಂಪನಿ ಬದಲಾಯಿಸಿದಳು, ಒಳ್ಳೆ ಸ್ಕೂಲು ಇವೆ ಅಂತ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಗೆ ಬಂದೆವು. ಆ ಒಳ್ಳೆ ಸ್ಕೂಲಿನವರು ಮಗಳಿಗೆ ಒಂದು ಪ್ರಾಜೆಕ್ಟ್ ಕೊಟ್ಟರು: ಇಂಗ್ಲೆಂಡಿನ ಯಾವುದಾದರೂ ಒಂದು ಕೌಂಟಿಯ ಭೂಗೋಳದ ಮಾಡೆಲ್ ಮಾಡಿ ತನ್ನಿ.

ನನ್ನ ರಕ್ತ ಬಿಸಿಯಾಯಿತು. ಇಷ್ಟು ವರ್ಷ ಅವಮಾನ ಮಾಡಿದ ಜಿಲ್ಲೆ ಕೊನೆಗೂ ಕೈಗೆ ಸಿಕ್ಕಿದೆ. ಸರ್ರಿಯನ್ನೇ ಮಾಡೋಣ ಅಂದೆ. ಮಗಳು ತನ್ನ ಪಾಡಿಗೆ ಒಂದು ಚಾರ್ಟಿನಲ್ಲಿ ಬಣ್ಣ ತುಂಬಿ ಮುಗಿಸಬೇಕು ಅಂತಿದ್ದಳು. "ಅಪ್ಪಾ, ಇಟ್ಸ್ ಮೈ ಪ್ರಾಜೆಕ್ಟ್" ಅಂದಳು. ನನಗೆ ಕೇಳಿಸಲಿಲ್ಲ.

ಸರ್ರಿಯ ನಡುವೆ ಅಡ್ಡಕ್ಕೆ ಒಂದು ಸಾಲು ಗುಡ್ಡ ಇದೆ. ಮೇಲೆದ್ದು ನಿಂತಿರುವ ಆ ಗುಡ್ಡಗಳಿಗೆ ಇಂಗ್ಲಿಷರು 'ಡೌನ್ಸ್' ಅನ್ನುತ್ತಾರೆ. ಇಂಥವರು ನಮ್ಮನ್ನು ಇನ್ನೂರು ವರ್ಷ ಆಳಿದರು. ಆ ಗುಡ್ಡವೆಲ್ಲ ಸೀಮೆಸುಣ್ಣದ ಕಲ್ಲು. ಅದನ್ನು ಕೊರೆದುಕೊಂಡು ಮೋಲ್ ಅನ್ನುವ ಹೊಳೆ ಹರಿಯುತ್ತದೆ. ಮೋಲ್ ಅಂದರೆ ನೆಲ ಕೊರೆಯುವ ಒಂದು ಪ್ರಾಣಿ. ಮಗಳು ಕನ್ನಡದಲ್ಲಿ ಏನಂತಾರೆ ಅಂದಳು. ಗೊತ್ತಿಲ್ಲ ಅನ್ನುವುದಕ್ಕೆ ಮೇಷ್ಟ್ರ ನಾಲಿಗೆ ಏಳಲಿಲ್ಲ, ಹೆಗ್ಗಣ ಅಂದುಬಿಟ್ಟೆ. ಅವತ್ತಿನಿಂದ ಮನೆಯಲ್ಲಿ ಅದು ಹೆಗ್ಗಣದ ಹೊಳೆ.

ಥರ್ಮಕೋಲ್ ನನಗೆ ಆಗುವುದಿಲ್ಲ. ಸುಣ್ಣದ ಗುಡ್ಡ ಅಂದ ಮೇಲೆ ಸುಣ್ಣದ ಥರದ್ದೇ ಇರಬೇಕು. ನಾಲ್ಕು ಡಬ್ಬ ಚಾಕ್‌ಪೀಸ್ ತಂದು ಹೆಂಡತಿ ಇಲ್ಲದಾಗ ಮಿಕ್ಸಿಯಲ್ಲಿ ಪುಡಿ ಮಾಡಿ, ಸ್ವಲ್ಪ ಗೋಂದು ಹಾಕಿ ಕಲಸಿ, ಎರಡು ದಿನ ಕೂತು ಗುಡ್ಡಸಾಲು ಕಟ್ಟಿದೆ. ನಡುವೆ ಹೊಳೆಗೆ ಕಾಲುವೆ ತೋಡಿ ನಿಜವಾದ ನೀರು ಬಿಟ್ಟೆ. ಮಗಳಿಗೆ ಮುಟ್ಟಲೂ ಕೊಡಲಿಲ್ಲ. ಆ ವಾರ ಮನೆಯಲ್ಲಿ ತಿಂದ ಚಟ್ನಿಗೆಲ್ಲ ಕ್ಲಾಸ್ ರೂಮಿನ ವಾಸನೆ.

ಪ್ರಾಜೆಕ್ಟ್ ಕೊಡುವ ದಿನ ಮಾಡೆಲನ್ನು ಮಗಳ ತೊಡೆಯ ಮೇಲಿಟ್ಟು ಕಾರು ಬಿಟ್ಟೆ. ಮೊದಲನೇ ತಿರುವಿನಲ್ಲಿ ಹೊಳೆ ದಡ ಮೀರಿತು. ಎರಡನೇ ತಿರುವಿನಲ್ಲಿ ಗುಡ್ಡ ಕರಗಲು ಶುರುವಾಯಿತು. ಸ್ಕೂಲಿನ ಗೇಟು ಬರುವ ಹೊತ್ತಿಗೆ ಸರ್ರಿ ಜಿಲ್ಲೆ ಬಹುಪಾಲು ಅವಳ ಯೂನಿಫಾರಮ್ಮಿನ ಮೇಲಿತ್ತು. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಇಳಿದು ಹೋದಳು. ಆ ನೋಟಕ್ಕಿಂತ ಅತ್ತಿದ್ದರೆ ಚೆನ್ನಾಗಿತ್ತು.

ಸಂಜೆ ನಗುತ್ತಾ ಬಂದಳು. ಕ್ಲಾಸಿಗೆಲ್ಲ ಹೆಚ್ಚು ಮಾರ್ಕ್ಸ್ ಅವಳಿಗೇ ಬಂದಿತ್ತು. ಟೀಚರ್ ಏನಂದರು ಅಂತ ಕೇಳಿದೆ. ಬೇರೆ ಮಕ್ಕಳೆಲ್ಲ ತಮ್ಮ ಕೌಂಟಿ ಈಗ ಹೇಗಿದೆ ಅಂತ ತೋರಿಸಿದರು, ಇವಳೊಬ್ಬಳು ಮಾತ್ರ ಹತ್ತು ಲಕ್ಷ ವರ್ಷ ಆದ ಮೇಲೆ ಹೇಗಿರುತ್ತೆ ಅಂತ ತೋರಿಸಿದ್ದಾಳೆ ಅಂದರಂತೆ.

ಭಟ್ಟರು ಕ್ಯೂನಲ್ಲಿ

ಗ್ಲೆನ್ ವೇವರ್ಲಿಯ ಮನೆಯ ಗೃಹಪ್ರವೇಶ. ಮುಹೂರ್ತ ಒಂಬತ್ತು ನಲವತ್ತಕ್ಕೆ. ಭಟ್ಟರು ವಾರದ ದಿನ ಐಟಿಯಲ್ಲಿರುವವರು, ಶನಿವಾರ ಭಾನುವಾರ ಹೋಮ ಮಾಡಿಸುತ್ತಾರೆ. ಅವರ ಕಾರು ರಿಪೇರಿಗೆ ಹೋಗಿತ್ತು. ಹಿಂದಿನ ದಿನವೂ ಎಲ್ಲೋ ಪೂಜೆ ಇದೆ, ಅಲ್ಲೇ ಉಳಿಯುತ್ತೇನೆ, ಬೆಳಿಗ್ಗೆ ಫೋನ್ ಮಾಡಿ ಎಲ್ಲಿದ್ದೇನೆ ಅಂತ ಹೇಳ್ತೀನಿ, ಬಂದು ಕರ್ಕೊಂಡು ಹೋಗಿ ಅಂದಿದ್ದರು. ಈ ಒಪ್ಪಂದ ನನ್ನ ಜೊತೆ ಆಗಿತ್ತು. ಅದನ್ನು ಹೆಂಡತಿಗೆ ಹೇಳಲು ಮರೆತಿದ್ದೆ. ಬೆಳಿಗ್ಗೆ ಎಂಟಕ್ಕೆ ನಾನು ಬಾಗಿಲಿಗೆ ತೋರಣ ಕಟ್ಟುತ್ತಾ ಏಣಿ ಮೇಲಿದ್ದೆ. ನನ್ನ ಫೋನನ್ನು ಅವಳು ತೆಗೆದಳು.

ಭಟ್ಟರು ತಾವು ಕ್ಯೂನಲ್ಲಿದ್ದೇನೆ ಅಂದರು. ಸರ್ರಿಯಲ್ಲಿ ಕ್ಯೂ ಅಂತ ಒಂದು ಹಳೇ ಊರಿತ್ತು. ಅದರ ಹೆಸರಿನ ಸಬರ್ಬು ಮೆಲ್ಬರ್ನ್‌ನಲ್ಲಿದೆ, ನಮ್ಮನೆಯಿಂದ ಅರ್ಧ ಗಂಟೆ. ಹೆಂಡತಿಗೆ ಕ್ಯೂ ಅಂದರೆ ರೇಷನ್ ಅಂಗಡಿ ಮುಂದೆ ನಿಲ್ಲುವ ಕ್ಯೂ ಒಂದೇ ಗೊತ್ತು. ಪಾಪ, ಹೂವಿಗೋ ಹಣ್ಣಿಗೋ ನಿಂತಿದ್ದಾರೆ ಅಂದುಕೊಂಡು, ಪರವಾಗಿಲ್ಲ, ನಿಧಾನವಾಗಿ ಮುಗಿಸಿಕೊಳ್ಳಿ ಅಂದಳು. ನಾನು ಕೇಳಿದರೆ, ಬರ್ತಾ ಇದ್ದಾರೆ, ಕ್ಯೂನಲ್ಲಿದ್ದಾರಂತೆ ಅಂದಳು. ಯಾರದೋ ಕಾರು ಸಿಕ್ಕಿರಬೇಕು ಅಂದುಕೊಂಡು ನಾನೂ ತೋರಣ ಕಟ್ಟಿದೆ.

ಎಂಟೂಮುಕ್ಕಾಲಿಗೆ ಮತ್ತೆ ಫೋನು. ಈ ಸಲ ಸ್ಪೀಕರ್ ಹಾಕಿದ್ದಳು.

"ಇನ್ನೂ ಕ್ಯೂನಲ್ಲೇ ಇದ್ದೀರಾ ಭಟ್ರೇ?"

"ಹೌದಮ್ಮ, ಕ್ಯೂ ಬಿಟ್ಟು ಎಲ್ಲೂ ಹೋಗಿಲ್ಲ. ಒಂದೇ ಜಾಗದಲ್ಲಿ ನಿಂತಿದ್ದೀನಿ."

"ಮುಂದೆ ಎಷ್ಟು ಜನ ಇದ್ದಾರೆ?"

"ಯಾರೂ ಇಲ್ಲ. ನಾನೊಬ್ಬನೇ."

"ಒಬ್ಬರೇ ಇರೋ ಕ್ಯೂ ಮುಂದಕ್ಕೆ ಹೋಗ್ತಿಲ್ಲ ಅಂದ್ರೆ ಕೌಂಟರ್‌ನಲ್ಲಿ ಯಾರೂ ಇಲ್ಲ ಅಂತ ಕಾಣುತ್ತೆ. ಬಿಟ್ಟು ಬಂದ್ಬಿಡಿ."

ಏಣಿ ಮೇಲಿಂದ ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಪಂಚೆಯಲ್ಲೇ ಕಾರು ಓಡಿಸಿದೆ. ಭಟ್ಟರು ಕ್ಯೂನ ಟ್ರಾಮ್ ಸ್ಟಾಪಿನಲ್ಲಿ ಮಡಿ ಉಟ್ಟು, ಕೈಯಲ್ಲಿ ದರ್ಭೆ ಹಿಡಿದು ನಿಂತಿದ್ದರು. ವಾಪಸ್ ಬರುವಷ್ಟರಲ್ಲಿ ಮುಹೂರ್ತ ದಾಟಿತ್ತು, ಹೆಂಡತಿ ಕಣ್ಣು ತುಂಬಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಭಟ್ಟರು ಪಂಚಾಂಗ ತೆಗೆದು ಒಂದೆರಡು ಪುಟ ತಿರುವಿ, ಹನ್ನೊಂದೂಕಾಲಿಗೆ ಇನ್ನೂ ಒಳ್ಳೆಯದು ಇದೆಯಮ್ಮ ಅಂತ ಸಮಾಧಾನ ಮಾಡಿದರು. ಪೂಜೆ ಚೆನ್ನಾಗಿ ಆಯಿತು. ಊಟದ ಹೊತ್ತಿಗೆ ಬಂದವರೆಲ್ಲ ಬಫೆ ಮುಂದೆ ಸಾಲು ನಿಂತರು. ಭಟ್ಟರು ಮಾತ್ರ ದೂರ ಹೋಗಿ ಕುರ್ಚಿಯಲ್ಲಿ ಕೂತು, ನನಗೆ ಇಲ್ಲಿಗೇ ಬಡಿಸಿ, ಇವತ್ತಿನ ಕ್ಯೂ ನಂದು ಮುಗಿದಿದೆ ಅಂದರು.

ಮಾವನ ಟ್ರಾಮು

ಇದು ನಾವಿನ್ನೂ ಸಿಡ್ನಿಯಲ್ಲಿದ್ದಾಗ, ನಾನು ಬೆಟ್ಟ ಎತ್ತಿ ಇಳಿಸಿದ ಮೇಲೆ ನಡೆದದ್ದು. ಮಾವ ಹುಬ್ಬಳ್ಳಿಯವರು, ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅಷ್ಟು ವರ್ಷದಲ್ಲಿ ಯಾರನ್ನೂ ತಪ್ಪು ಸ್ಟಾಪಿನಲ್ಲಿ ಇಳಿಸಲಿಲ್ಲ ಅನ್ನುವುದು ಅವರ ಹೆಮ್ಮೆ. ನಮ್ಮಲ್ಲಿಗೆ ಬಂದಿದ್ದವರು ನಾಲ್ಕು ದಿನ ಮೆಲ್ಬರ್ನ್‌ನಲ್ಲಿರುವ ತಮ್ಮನ ಮಗನ ಮನೆಗೆ ಹೋಗಿದ್ದರು. ಆ ಹುಡುಗ ಕ್ಲೇಟನ್ನಿನ ಆಸ್ಪತ್ರೆಯಲ್ಲಿ ನರ್ಸು. ಆರು ಗಂಟೆ ಫ್ಲೈಟಿಗೆ ದೊಡ್ಡಪ್ಪನನ್ನು ಹತ್ತಿಸುತ್ತೇನೆ ಅಂತ ಮೆಸೇಜ್ ಮಾಡಿದ್ದ. ಬೆಳಿಗ್ಗೆಯದು ಅಂದುಕೊಂಡು ನಾನು ಏಳೂವರೆಗೆ ಏರ್‌ಪೋರ್ಟಿನಲ್ಲಿ ನಿಂತೆ. ಎಲ್ಲರೂ ಬಂದರು, ಮಾವ ಬರಲಿಲ್ಲ. ಅವರ ಫೋನು ಆಫ್. ಹುಡುಗ ಡ್ಯೂಟಿಯಲ್ಲಿದ್ದ, ಎತ್ತಲಿಲ್ಲ. ಎಪ್ಪತ್ತೆರಡು ವರ್ಷದ ಮನುಷ್ಯ, ಕಣ್ಣಿನ ಪೊರೆ ಆಪರೇಷನ್ ಆಗಿ ವರ್ಷವೂ ಆಗಿಲ್ಲ. ಕಂಡಕ್ಟರ್ ಬುದ್ಧಿ, ನನಗೆ ಕಾಯದೆ ತಾವೇ ರೈಲೋ ಬಸ್ಸೋ ಹತ್ತಿರಬೇಕು ಅಂದುಕೊಂಡು, ಸಿಡ್ನಿಯ ಸೆಂಟ್ರಲ್ ಸ್ಟೇಷನ್ನಿನಿಂದ ಶುರು ಮಾಡಿ ಬೀದಿ ಬೀದಿ ಹುಡುಕುತ್ತಾ ಪಕ್ಕದ ಸರ್ರಿ ಹಿಲ್ಸಿಗೆ ಬಂದೆ. ಒಂಬತ್ತೂವರೆಗೆ ಅವರೇ ಫೋನ್ ಮಾಡಿದರು. ಅಡ್ಡಾಡಾಕ ಬಂದು ದಾರಿ ತಪ್ಪಿದೆ ಅಂದರು.

"ಮಾವ, ಎಲ್ಲಿದ್ದೀರಿ?"

"ಸರ್ರಿ."

"ಸರಿ, ಆದ್ರೆ ಎಲ್ಲಿ?"

"ಅದನ್ನ ಹೇಳಾಕತ್ತೇನ್ರೀ ಅಳಿಯಂದ್ರ, ಸರ್ರಿ. ಬೋರ್ಡಿನ್ಯಾಗ ಬರದಾರ, ಸರ್ರಿ ಹಿಲ್ಸ್ ಅಂತ."

ಹೋದ ಜೀವ ಬಂದಂತಾಯಿತು. ನಾನೂ ಅಲ್ಲೇ ಇದ್ದೀನಿ, ಎದುರಿಗೆ ಏನು ಕಾಣುತ್ತೆ ಹೇಳಿ ಅಂದೆ. ನನ್ನನ್ನು ಕರ್ಕೊಂಡು ಹೋಗಾಕ ಅಲ್ಲಿಂದ ಇಲ್ಲಿತನಾ ಬಂದ್ರೇನು ಅಂತ ಅವರಿಗೂ ಖುಷಿಯಾಯಿತು. ಒಂದು ಮೆಡಿಕಲ್ ಶಾಪ್ ಐತಿ, ಮಗ್ಗಲಾಗ ಬೇಕರಿ ಐತಿ ಅಂದರು. ನೋಡಿದೆ. ನನ್ನೆದುರಿಗೂ ಮೆಡಿಕಲ್ ಶಾಪು, ಪಕ್ಕದಲ್ಲಿ ಬೇಕರಿ. ಕೈ ಎತ್ತಿ ಅಂದೆ. ಎತ್ತೇನಿ ಅಂದರು. ನಾನೂ ಎತ್ತಿದೆ. ಇಬ್ಬರಿಗೂ ಇಬ್ಬರೂ ಕಾಣಲಿಲ್ಲ. ಈಗ ಟ್ರಾಮ್ ಬಂತು ನೋಡ್ರಿ ಅಂದರು. ನನ್ನ ಮುಂದೆಯೂ ಅದೇ ಹೊತ್ತಿಗೆ ಟ್ರಾಮ್ ಬಂತು.

"ಹೌದು, ಕೆಂಪು ಟ್ರಾಮು, ಅದರ ಈಚೆ ಇದ್ದೀನಿ" ಅಂದೆ.

"ಕೆಂಪ ಎಲ್ಲೈತ್ರಿ, ಹಸರೈತಿ."

ಪೊರೆ ತೆಗೆಸಿದ ಕಣ್ಣು ಕೈಕೊಟ್ಟಿತು ಅಂದುಕೊಂಡೆ. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ, ಮಾವ, ಅದು ಕೆಂಪು, ಬಿಸಿಲಿಗೆ ಹಾಗೆ ಕಾಣ್ತಿರಬಹುದು, ನೆರಳಿಗೆ ಬನ್ನಿ ಅಂದೆ. ಅವರೂ ಅಷ್ಟೇ ನಿಧಾನವಾಗಿ, ಬಿಸಲೆಲ್ಲೈತ್ರಿ ಅಳಿಯಂದ್ರ, ಮಳಿ ಹೊಡ್ಯಾಕತ್ತೈತಿ, ನೀವು ಮೊದಲು ಎಲ್ಲ್ಯರ ಕುಂಡರ್ರಿ ಅಂದರು.

ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಕಣ್ಣಲ್ಲ, ತಲೆಗೇ ಏನೋ ಆಗಿದೆ ಅಂತ ಖಾತ್ರಿಯಾಯಿತು. ಅಲ್ಲೇ ಇರಿ, ಅಲುಗಬೇಡಿ ಅಂತ ಹೇಳಿ ಹೆಂಡತಿಗೆ ಫೋನ್ ಮಾಡಿದೆ. ಬ್ಯುಸಿ. ಮತ್ತೆ ಮಾಡಿದೆ. ಎತ್ತಿದಳು. ನೀನು ಗಾಬರಿಯಾಗಬೇಡ, ನಿಮ್ಮಪ್ಪ ಯಾಕೋ ಸರಿಯಿಲ್ಲ, ಬಿಸಿಲಿನಲ್ಲಿ ನಿಂತು ಮಳೆ ಅಂತಾರೆ, ಕೆಂಪನ್ನ ಹಸಿರು ಅಂತಾರೆ, ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು ಅಂದೆ.

ಅವಳು ತಣ್ಣಗೆ ಹೇಳಿದಳು. ಅಪ್ಪ ಇನ್ನೂ ಮೆಲ್ಬರ್ನ್ ಬಿಟ್ಟೇ ಇಲ್ಲ, ಫ್ಲೈಟ್ ಇರೋದು ಸಂಜೆ ಆರಕ್ಕೆ, ಅವರು ನಿಂತಿರೋದು 'ಇ' ಇರೋ ಸರ್ರಿ ಹಿಲ್ಸಿನಲ್ಲಿ. ಊರೆಲ್ಲ ಎತ್ತಿ ಇಳಿಸಿದ ನನಗೇ ಅದು ಹೊಳೆದಿರಲಿಲ್ಲ. ಈಗ ತಾನೇ ಅವರೂ ಫೋನ್ ಮಾಡಿದ್ದರು. ನೀನು ಗಾಬರಿಯಾಗಬ್ಯಾಡವ್ವಾ, ಅಳಿಯಂದ್ರಿಗೆ ತಲಿ ಕೆಟ್ಟೈತಿ, ಮಳ್ಯಾಗ ನಿಂತು ಬಿಸಲು ಅಂತಾರ, ಹಸರಿಗೆ ಕೆಂಪು ಅಂತಾರ, ಲಗೂನ ಡಾಕ್ಟರಿಗೆ ತೋರಸು ಅಂದರಂತೆ.

ಮಳೆಯಲ್ಲಿ ನಿಂತಿದ್ದವರನ್ನು ಬೇಕರಿಯವರೇ ಒಳಗೆ ಕೂರಿಸಿ ಚಹಾ ಕೊಟ್ಟರು. ತಮ್ಮನ ಮಗ ಡ್ಯೂಟಿ ಬಿಟ್ಟವನೇ ಹೋಗಿ ಕರೆತಂದ. ಸಂಜೆ ಫ್ಲೈಟಿಗೆ ಸಿಡ್ನಿಗೆ ಬಂದು ಇಳಿದರು. ಸರ್ರಿ ಹಿಲ್ಸ್ ಎರಡಿವೆ ಅಂತ ನಾನು ವಿವರಿಸಲು ಬಾಯಿ ತೆಗೆದೆ. ಅವರು ಕೈ ಅಡ್ಡ ಹಿಡಿದು, ಹೆಗಲ ಮೇಲಿದ್ದ ಹಸಿರು ಟವೆಲ್ಲನ್ನು ಬಿಡಿಸಿ ನನ್ನ ಕಣ್ಣ ಮುಂದೆ ಹಿಡಿದರು.

"ಅಳಿಯಂದ್ರ, ಅವಸರ ಮಾಡಬ್ಯಾಡ್ರಿ. ನೋಡಿ ಹೇಳ್ರಿ. ಇದು ಯಾವ ಬಣ್ಣ?"

ಹಸಿರು ಅಂದೆ.

ಮಾವ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡು, ಮಗಳ ಕಡೆ ತಿರುಗಿ, ತಲೆ ಆಡಿಸುತ್ತಾ ಮೆಚ್ಚಿಗೆಯಿಂದ ಹೇಳಿದರು.

"ಯಾವ ಡಾಕ್ಟರವ್ವಾ? ಒಂದ ದಿನದಾಗ ಗುಣಾ ಮಾಡ್ಯಾನ."